ಲೂಕನ ಸ್ಟೇಷನ್ನಿನಲ್ಲಿ ಇಳಿದ ಅಪ್ಪ

ಜನವರಿ 30

ಪುಟ್ಟಿ,

ನಲವತ್ತು ದಾಟಿದವಳನ್ನು ಪುಟ್ಟಿ ಅನ್ನಬಾರದು ಎಂದು ಹೋದ ಸಲ ಬಂದಾಗ ನೀನು ತಕರಾರು ಮಾಡಿದ್ದೆ. ಕಾಗದ ನನ್ನದು, ಪೆನ್ನೂ ನನ್ನದು, ಹಾಗೇ ಕರೆಯುತ್ತೇನೆ. ಫೋನ್ ಬಿಟ್ಟು ಇದೇನು ಹೊಸ ಚಾಳಿ ಎಂದುಕೊಳ್ಳುತ್ತಿದ್ದೀಯ. ಕಾರಣ ಕೊನೆಯಲ್ಲಿ ಹೇಳುತ್ತೇನೆ, ದೊಡ್ಡ ವಿಷಯವೇನಲ್ಲ. ಮೊದಲು ನನಗಾದ ಅವಮಾನ ಕೇಳು.

ಶುಭ ಶುಕ್ರವಾರದ ದಿನ ನಮ್ಮ ಚರ್ಚಿನ ಸಭೆಯಲ್ಲಿ ಯೇಸುಸ್ವಾಮಿಯ ಕೊನೆಯ ದಿನದ ಕಥೆಯನ್ನು ಪಾತ್ರ ಹಂಚಿಕೊಂಡು ಓದುವುದು ನಿನಗೆ ಗೊತ್ತೇ ಇದೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರು ಬರೆದ ನಾಲ್ಕು ಸುವಾರ್ತೆಗಳಲ್ಲಿ ಒಂದೊಂದು ವರ್ಷ ಒಂದೊಂದು. ಇಪ್ಪತ್ತೆಂಟು ವರ್ಷದಿಂದ ಸ್ವಾಮಿಯ ಮಾತುಗಳು ನನ್ನ ಪಾಲಿಗೆ. ಭಕ್ತಿ ಉಕ್ಕಿ ಹರಿಯುತ್ತದೆ ಅಂತಲ್ಲ; ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತೈದು ವರ್ಷ ಮೈಕ್ ಮುಂದೆ ಕೂತು ಅನೌನ್ಸ್ ಮಾಡಿದವನ ದನಿ ಕೊನೇ ಬೆಂಚಿಗೂ ಮುಟ್ಟುತ್ತದೆ ಅಂತ.

ಈ ವರ್ಷ ಮಾರ್ಕನ ಸರದಿ. ಮೊನ್ನೆ ಮೊದಲ ರಿಹರ್ಸಲ್. ಹೊಸದಾಗಿ ಬಂದ ಸಭಾಪಾಲಕಿ, ನಾವೆಲ್ಲ ಪಾಸ್ಟರಮ್ಮ ಅನ್ನುತ್ತೇವೆ, ನಿನಗಿಂತ ಹತ್ತು ವರ್ಷ ಚಿಕ್ಕವಳು. ಬೇರೆಯವರು ನಾನು ಓದುವಾಗ ಕಣ್ಣು ಮುಚ್ಚಿ ಕೂರುತ್ತಾರೆ. ಈಕೆ ಮಾತ್ರ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಬಂದಳು. ನಾನು ಶಿಲುಬೆಯ ಕೊನೆಯ ಮಾತು ಓದಿ ಮುಗಿಸಿ ಗಂಭೀರವಾಗಿ ತಲೆ ಬಗ್ಗಿಸಿದೆ. ಬೆರಳು ನಿಂತಿತು.

"ಅಂಕಲ್, ಒಂದ್ನಿಮಿಷ. ಮಾರ್ಕನ ರೈಲು ಹತ್ತಿದೋರು ಲೂಕನ ಸ್ಟೇಷನ್ನಲ್ಲಿ ಇಳಿದುಬಿಟ್ರಲ್ಲ!"

ನೋಡಿದರೆ ನಿಜ. ಮಾರ್ಕನಲ್ಲಿ ಸ್ವಾಮಿ ಸಾಯುವ ಮೊದಲು, ದೇವರೇ ನನ್ನ ಕೈ ಯಾಕೆ ಬಿಟ್ಟೆ ಎಂದು ಕೂಗುತ್ತಾರೆ. ನಾನು ಓದಿದ್ದು, ತಂದೆಯೇ ನನ್ನ ಜೀವವನ್ನು ನಿನ್ನ ಕೈಗೆ ಕೊಡುತ್ತೇನೆ ಎಂಬುದನ್ನು. ಅದು ಲೂಕ ಬರೆದದ್ದು. ಕಣ್ಣು ಪುಟದ ಮೇಲೇ ಇತ್ತು, ಬಾಯಿ ಬೇರೆಯದನ್ನು ಹೇಳಿತ್ತು. ನಾನು ಒಪ್ಪಲಿಲ್ಲ, ವಾದಿಸಿದೆ. ಆಗ ಶಿಷ್ಯ ಪೇತ್ರನ ಪಾತ್ರ ಓದುವ ನಮ್ಮ ಬೇಕರಿಯವನು ಮೆಲ್ಲಗೆ, "ನಾಲ್ಕು ವರ್ಷದ ಹಿಂದೇನೂ ನೀವು ಹಿಂಗೇ ಓದಿದ್ರಿ. ಹೊಸ ಅನುವಾದ ಇರ್ಬೇಕು ಅಂತ ನಾನು ಸುಮ್ನಾದೆ" ಅಂದ.

ಮನೆಗೆ ಬಂದು ಯೋಚಿಸಿದೆ. ಅನೌನ್ಸರ್ ಕೆಲಸಕ್ಕೆ ಸೇರಿದ ದಿನವೇ ನಮ್ಮ ಸಾಹೇಬರು ಹೇಳಿಕೊಟ್ಟ ಪಾಠ, ಗಾಬರಿ ಹುಟ್ಟಿಸುವ ಮಾತು ಮೈಕಿಗೆ ಬರಕೂಡದು. ಹಾಳೆಯಲ್ಲಿ 'ಹಳಿ ತಪ್ಪಿದೆ' ಎಂದಿದ್ದರೂ ಬಾಯಲ್ಲಿ 'ತಾಂತ್ರಿಕ ಕಾರಣದಿಂದ ತಡವಾಗಿದೆ' ಎಂದೇ ಬರಬೇಕು. ಬಾಯಿ ಹಾಗೆ ಪಳಗಿಬಿಟ್ಟಿದೆ. ಮಾರ್ಕನನ್ನೂ ಬಿಟ್ಟಿಲ್ಲ ನೋಡು.

ಹಾಂ, ಕಾಗದದ ಕಾರಣ. ದನಿ ಒಂದಷ್ಟು ದಿನದಿಂದ ಒಡೆಯುತ್ತಿತ್ತು. ಗಂಟಲ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿ, ಧ್ವನಿತಂತುವಿನ ಪಕ್ಕ ಬಟಾಣಿಯಷ್ಟು ಗಂಟಿದೆ ಎಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅಲ್ಲಿಯವರೆಗೆ ಹೆಚ್ಚು ಮಾತಾಡಬಾರದಂತೆ. ಗಾಬರಿ ಏನಿಲ್ಲ.

ನಿನ್ನ ಅಪ್ಪ

•

ಫೆಬ್ರವರಿ 8

ಅಪ್ಪಾ,

ಎರಡು ಹಾಳೆ ರಿಹರ್ಸಲ್, ನಾಲ್ಕು ಸಾಲು ಗಂಟಲು. ಡ್ಯೂಟಿ ರೂಮಿನಲ್ಲಿ ಕೂತು ಓದುತ್ತ ಮೊದಲು ಜೋರಾಗಿ ನಕ್ಕೆ, ಕೊನೆಗೆ ಬಂದು ಎಷ್ಟು ಸಿಟ್ಟು ಬಂತೆಂದರೆ ಕಾಗದವನ್ನು ಉಂಡೆ ಮಾಡಿ ಎಸೆದೆ. ಆಮೇಲೆ ನಾನೇ ಎತ್ತಿ ಬಿಡಿಸಿ ಇನ್ನೊಮ್ಮೆ ಓದಿದೆ. 'ಗಾಬರಿ ಏನಿಲ್ಲ' ಎಂಬುದು ನಿಮ್ಮ ಬಾಯಿಂದ ಬಂದರೆ ಅದರ ಅರ್ಥವೇನು ಎಂದು ಅದೇ ಕಾಗದದಲ್ಲಿ ನೀವೇ ವಿವರಿಸಿದ್ದೀರಿ, ಗಮನಿಸಿದಿರಾ?

ರಿಪೋರ್ಟ್ ಬಂದ ದಿನವೇ ತಿಳಿಸಬೇಕು. ರಜೆ ಹಾಕಿ ಬರಲಾ?

ನಿಮ್ಮ ಕಥೆ ಕೇಳಿ ಅಮ್ಮನ ಬೈಬಲ್ ಕೆಳಗಿಳಿಸಿದೆ. ಒಂದು ವಾರದಿಂದ ನಾಲ್ಕೂ ಸುವಾರ್ತೆಗಳನ್ನು ಹೋಲಿಸಿ ಓದುತ್ತಿದ್ದೇನೆ. ಇಷ್ಟು ವರ್ಷ ನನ್ನ ತಲೆಯಲ್ಲೂ ನಾಲ್ಕೂ ಕಲಸಿ ಒಂದೇ ಕಥೆಯಾಗಿತ್ತು. ಹಾಗಲ್ಲ ಅಪ್ಪಾ. ಸ್ವಾಮಿಯನ್ನು ಹಿಡಿದೊಯ್ಯುವ ರಾತ್ರಿ, ಮಾರ್ಕನ ತೋಟದಲ್ಲಿ ಅವರಿಗೆ ದಿಗಿಲು ಹಿಡಿಯುತ್ತದೆ. ಸಾಯುವಷ್ಟು ಸಂಕಟವಾಗ್ತಿದೆ ಎಂದು ಸ್ನೇಹಿತರಿಗೆ ಬಾಯಿಬಿಟ್ಟು ಹೇಳುತ್ತಾರೆ. ನೆಲಕ್ಕೆ ಬೀಳುತ್ತಾರೆ. ಈ ಸಾವಿನ ಕಹಿ ಬಟ್ಟಲು ಬೇಡ, ತೆಗೆದುಬಿಡು ಎಂದು ದೇವರನ್ನು ಕೇಳುತ್ತಾರೆ. ಆದರೂ ನಿನ್ನಿಷ್ಟದಂತೆ ಆಗಲಿ ಎಂದು ಸೇರಿಸುತ್ತಾರೆ. ಒಂದು ಸಲವಲ್ಲ, ಮೂರು ಸಲ ಹೋಗಿ ಬೇಡುತ್ತಾರೆ. ಮತ್ತಾಯನದೂ ಹೆಚ್ಚುಕಡಿಮೆ ಹೀಗೇ. ಲೂಕನಿಗೆ ಬಂದರೆ ಸ್ವಾಮಿ ಬೀಳುವುದಿಲ್ಲ, ಮೊಣಕಾಲೂರುತ್ತಾರೆ. ಒಂದೇ ಸಲ ಪ್ರಾರ್ಥನೆ, ಬಲ ಕೊಡಲು ಒಬ್ಬ ದೇವದೂತ. ಯೋಹಾನನಲ್ಲಿ ತೋಟ ಇದೆ, ಬೇಡಿಕೆ ಇಲ್ಲ. ತಂದೆ ಕೊಟ್ಟ ಬಟ್ಟಲನ್ನು ಕುಡಿಯದೆ ಇರಲೇ ಎಂದು, ತಡೆಯಲು ಕತ್ತಿ ಹಿರಿದ ಪೇತ್ರನನ್ನೇ ಗದರುತ್ತಾರೆ. ಹಿಡಿಯಲು ಬಂದವರೇ ಹೆದರಿ ಹಿಂದಕ್ಕೆ ಬೀಳುತ್ತಾರೆ. ಶಿಲುಬೆಯ ಮೇಲೂ, ಹಿಡಿದ ಕೆಲಸ ಮುಗಿಸಿದ ಮೇಸ್ತ್ರಿಯ ಹಾಗೆ, ಮುಗಿಯಿತು ಎಂದು ಹೇಳಿ ತಲೆ ಬಾಗಿಸುತ್ತಾರೆ.

ಇನ್ನೊಂದು ಮಜಾ. ಬೆವರು ರಕ್ತದ ಹನಿಗಳಂತೆ ಬಿತ್ತು ಎಂಬ ಮಾತು ಲೂಕನಲ್ಲಿ ಮಾತ್ರ ಇದೆ. ದೇವದೂತನದೂ ಸೇರಿ ಆ ಎರಡು ವಚನ ಕೆಲವು ಹಳೆಯ ಪ್ರತಿಗಳಲ್ಲಿ ಇಲ್ಲ ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದಾರೆ. ಜನ ಗಾಬರಿಯಾದಾರು ಎಂದು ನಿಮ್ಮಂಥವರು ಯಾರೋ ಕಿತ್ತು ಹಾಕಿದರೋ, ಇಷ್ಟು ಸಮಾಧಾನ ಅತಿಯಾಯಿತು ಎಂದು ನನ್ನಂಥವರು ಯಾರೋ ಸೇರಿಸಿದರೋ, ದೇವರೇ ಬಲ್ಲ.

ನಾನು ಮಾರ್ಕನ ಪಕ್ಷ. ಹದಿನೇಳು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದೇನೆ. ನಮ್ಮ ವಾರ್ಡಿನಲ್ಲಿ ಯಾರಿಗೂ ಕಿರುಚಬೇಡಿ ಅನ್ನುವ ಹಾಗಿಲ್ಲ. ಕಿರುಚಿದವರಿಗೆ ಧೈರ್ಯ ಇಲ್ಲ ಅಂತಲ್ಲ, ನೋವು ಇದೆ ಅಂತ ಅಷ್ಟೆ.

ಬರಲಾ ಎಂದು ಕೇಳಿದ್ದಕ್ಕೆ ಉತ್ತರ ಕೊಡಿ.

ಪುಟ್ಟಿ (ಈ ಸಲ ಮಾತ್ರ)

•

ಫೆಬ್ರವರಿ 26

ಮಾರ್ಕನ ಪಕ್ಷದ ಪುಟ್ಟಿಗೆ,

ರಿಪೋರ್ಟ್ ಬಂತು. ಒಳ್ಳೆಯದಲ್ಲ, ಆದರೆ ಬೇಗ ಕೈಗೆ ಸಿಕ್ಕಿದೆ ಎಂದರು ಡಾಕ್ಟರು. ಕ್ಯಾನ್ಸರ್ ಎಂಬ ಪದವನ್ನು ಅವರು ನನಗಿಂತ ಚೆನ್ನಾಗಿ ನಯ ಮಾಡಿ ಹೇಳಿದರು, ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ಮೇಲೆ ಬರುತ್ತಿದ್ದರು. ಆಪರೇಷನ್ ಏಪ್ರಿಲ್ ಒಂಬತ್ತಕ್ಕೆ. ಅದಕ್ಕೆ ಮುಂಚೆ ಸರದಿ ಇಲ್ಲವಂತೆ. ಗಂಟು ಪೂರ್ತಿ ಹೋಗುವ ಸಂಭವ ಚೆನ್ನಾಗಿದೆಯಂತೆ, ದನಿ ಉಳಿಯುವ ಸಂಭವ ಅರ್ಧ. ಶುಕ್ರವಾರದ ಓದು ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಇದೆ, ಅದೊಂದು ಓದಬಹುದೇ ಎಂದೆ. ಉಳಿದ ದಿನ ಬಾಯಿ ಮುಚ್ಚಿಕೊಂಡಿದ್ದರೆ ಓದಿ ಎಂದರು. ನೋಡು, ಎಲ್ಲಾ ಹೇಗೆ ಸರಿಯಾಗಿ ಕೂಡಿ ಬಂದಿದೆ.

ಆದರೆ ಆ ಕೂಗು ನನ್ನಿಂದ ಆಗುತ್ತಿಲ್ಲ ಮಾರಾಯ್ತಿ. ಈಗ ಸರಿಯಾದ ಸಾಲನ್ನೇ ಓದುತ್ತೇನೆ, ಬರುವುದು ಮಾತ್ರ ಸ್ಟೇಷನ್ನಿನ ದನಿ. ಬೇಕರಿಯವನು, "ನೀವು ದೇವರೇ ಯಾಕೆ ಕೈಬಿಟ್ಟೆ ಅಂದ್ರೆ, ಸಾಮಾನು ಎತ್ಕೊಂಡು ಆರನೇ ಪ್ಲಾಟ್‌ಫಾರಂಗೆ ಹೋಗ್ಬೇಕು ಅನ್ಸುತ್ತೆ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಪಾಸ್ಟರಮ್ಮನ ಹತ್ತಿರ ಹೋಗಿ, ಈ ಪಾತ್ರ ಬೇರೆ ಯಾರಿಗಾದರೂ ಕೊಡಮ್ಮ, ಇಲ್ಲವೇ ಈ ವರ್ಷ ಲೂಕನನ್ನೇ ಓದೋಣ ಎಂದೆ. ಎರಡೂ ಆಗಲ್ಲ ಅಂದಳು. ನಾಲ್ವರು ನಾಲ್ಕು ಜಾಗದಲ್ಲಿ ನಿಂತು ನೋಡಿದ್ದಾರೆ, ಒಬ್ಬೊಬ್ಬರ ಮುಂದೆ ಕೂತು ಕೇಳಿದ ಜನವೂ ಬೇರೆ. ನೀವು ನಾಲ್ವರನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಕಿದರೆ ಯಾರ ಮುಖವೂ ಕಾಣುವುದಿಲ್ಲ ಎಂದಳು. ವಯಸ್ಸು ಚಿಕ್ಕದು, ಮಾತು ಮಾತ್ರ ಕತ್ತರಿ.

ನಾನು ಮಾತ್ರ ಲೂಕನ ಪಕ್ಷ ಬಿಡುವವನಲ್ಲ. ಅವನ ಸ್ವಾಮಿ ಶಿಲುಬೆ ಕಡೆಗೆ ನಡೆಯುವಾಗಲೂ ಅಳುವ ಹೆಂಗಸರಿಗೆ, ನನಗಾಗಿ ಅಳಬೇಡಿ ಅನ್ನುತ್ತಾರೆ. ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಸಮಾಧಾನ ಹೇಳುತ್ತಾರೆ. ಸಾಯುವವನ ಸುತ್ತ ನಿಂತವರಿಗೂ ಜೀವ ಇದೆಯಲ್ಲ, ಅವರನ್ನು ಯಾರು ನೋಡಿಕೊಳ್ಳಬೇಕು? ಹಾಗಾಗಿ ನೀನು ಬರುವುದೇನೂ ಬೇಡ. ನಿನಗೆ ಅಲ್ಲಿ ಬಸುರಿಯರ ಸಾಲು. ಆಸ್ಪತ್ರೆಯಲ್ಲಿ ನರ್ಸುಗಳಿದ್ದಾರೆ, ಬೇಕರಿಯವನು ಬನ್ನು ತಂದುಕೊಡುತ್ತಾನೆ, ನುಂಗಲಾಗದಿದ್ದರೆ ಅವನೇ ತಿನ್ನುತ್ತಾನೆ.

ಅಪ್ಪ

•

ಮಾರ್ಚ್ 5

ಅಪ್ಪಾ,

ಏಪ್ರಿಲ್ ಒಂಬತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ನಿಮ್ಮ ಕಾಗದ ಓದಿ ಅತ್ತೆ, ಲೂಕ ಬೇಡ ಅಂದರೂ ಅತ್ತೆ. ಈಗ ಪರವಾಗಿಲ್ಲ.

ನಿಮಗೊಂದು ವಿಷಯ ಹೇಳಬೇಕು. ಹೋದ ಕಾಗದದಲ್ಲಿ ಮಾರ್ಕನ ತೋಟದ ಬಗ್ಗೆ ಅಷ್ಟೆಲ್ಲ ಬರೆದೆ, ಒಂದನ್ನು ಬೇಕೆಂದೇ ಬಿಟ್ಟೆ. ಸ್ವಾಮಿ ಎದ್ದು ಬಂದು ನೋಡಿದರೆ ಸ್ನೇಹಿತರು ನಿದ್ದೆ ಹೋಗಿರುತ್ತಾರೆ. ಒಂದು ಗಂಟೆ ಎಚ್ಚರ ಇರಲಾಗಲಿಲ್ಲವೇ ಎಂದು ಪೇತ್ರನನ್ನು ಕೇಳುತ್ತಾರೆ. ಅಲ್ಲಿಗೆ ಬಂದಾಗಲೆಲ್ಲ ನಾನು ಪುಟ ತಿರುಗಿಸಿಬಿಡುತ್ತೇನೆ.

ಅಮ್ಮ ಹೋದ ಮಧ್ಯಾಹ್ನ ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದೆ. ಮೂರು ದಿನದಿಂದ ಎಚ್ಚರವಿದ್ದವಳು, ಸರಿಯಾಗಿ ಅದೇ ಅರ್ಧ ಗಂಟೆ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ನೀವು ಕಿಟಕಿಯ ಹತ್ತಿರ ನಿಂತಿದ್ದಿರಿ, ಎಲ್ಲ ಮುಗಿದಿತ್ತು. ಊರಿನವರ ಹೆಂಡಿರ ಕೈಯನ್ನೆಲ್ಲ ಹಿಡಿದು ಕೂರುವವಳು ಅಮ್ಮನ ಕೈ ಹಿಡಿದಿರಲಿಲ್ಲ. ಆರು ವರ್ಷವಾಯಿತು, ನೀವು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವತ್ತು ನನ್ನನ್ನು ಯಾಕೆ ಎಬ್ಬಿಸಲಿಲ್ಲ ಅಪ್ಪಾ?

ಪುಟ್ಟಿ

•

ಮಾರ್ಚ್ 13

ನನ್ನ ಕಂದಾ,

ನಿನ್ನ ಕಾಗದ ಹಿಡಿದುಕೊಂಡು ಪಾಸ್ಟರಮ್ಮನ ಮನೆಗೆ ಓಡಿದೆ. ಕಾಗದ ತೋರಿಸಲಿಲ್ಲ, ಹೆದರಬೇಡ. ಆ ನಿದ್ದೆಯ ವಿಷಯ ನಾಲ್ವರೂ ಏನೇನು ಬರೆದಿದ್ದಾರೆ ಎಂದಷ್ಟೇ ಕೇಳಿದೆ. ಕೈಗೆ ಹತ್ತಿದ್ದ ಹಿಟ್ಟನ್ನೂ ತೊಳೆಯದೆ ಪುಸ್ತಕ ತೆಗೆದಳು. ಈಗ ಕೇಳು. ಮಾರ್ಕ ಅವರ ಕಣ್ಣು ಭಾರವಾಗಿತ್ತು ಅನ್ನುತ್ತಾನೆ, ಮತ್ತಾಯನೂ ಅದನ್ನೇ. ಯೋಹಾನ ಆ ಸುದ್ದಿಗೇ ಹೋಗುವುದಿಲ್ಲ. ಲೂಕ ಒಬ್ಬನೇ, ನಾಲ್ವರಲ್ಲಿ ಒಬ್ಬನೇ, ಅವರು ದುಃಖದಿಂದ ದಣಿದು ನಿದ್ದೆ ಹೋಗಿದ್ದರು ಎಂದು ಬರೆಯುತ್ತಾನೆ. ಅವನು ವೈದ್ಯನಾಗಿದ್ದನಂತೆ ಎಂದು ಹಿಂದಿನವರು ಹೇಳುತ್ತಾರೆ. ನನ್ನ ಲೂಕ ಹೇಗೆ? ನಿನ್ನ ಮಾರ್ಕನಿಗೆ ಈ ಬುದ್ಧಿ ಹೊಳೆಯಿತೇ?

ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೆ ನೀನು. ನಾನು ಎಬ್ಬಿಸಲು ಕೈ ಚಾಚಿದ್ದೆ. ನಿಮ್ಮಮ್ಮನೇ ಬೇಡ ಎಂದು ಕಣ್ಣಲ್ಲಿ ಹೇಳಿದಳು. "ಮಲಗ್ಲಿ ಬಿಡಿ, ಮೂರು ದಿನ ಆಯ್ತು" ಅಂದಳು. ಅವಳು ನಿನ್ನನ್ನೇ ನೋಡುತ್ತಿದ್ದಳು. ಇದನ್ನು ಆರು ವರ್ಷದ ಹಿಂದೆಯೇ ಹೇಳಬೇಕಿತ್ತು, ನಿನ್ನೊಳಗೆ ಇದು ಕೊರೆಯುತ್ತಿದೆ ಎಂದು ನನಗೆ ತಿಳಿಯಲಿಲ್ಲ. ತಿಳಿಯುವ ಹಾಗೆ ನಾವಿಬ್ಬರೂ ಮಾತಾಡಲೇ ಇಲ್ಲ.

ನಾನು ಮಾತಾಡದಿದ್ದಕ್ಕೆ ಕಾರಣ ನೀನಲ್ಲ. ಅದಾದ ಮೇಲೆ ಅವಳು ನನ್ನನ್ನು, "ನಂಗೆ ಭಯ ಆಗ್ತಿದೆ ಕಣ್ರೀ. ನಿಮ್ಗೆ ಆಗ್ತಿಲ್ವಾ?" ಎಂದು ಕೇಳಿದಳು. ನನಗೆ ಅವಳಿಗಿಂತ ಹೆಚ್ಚು ಭಯವಾಗಿತ್ತು ಪುಟ್ಟಿ. ಆದರೆ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು. "ಇಲ್ವಲ್ಲ, ಎಲ್ಲಾ ಸರಿ ಹೋಗುತ್ತೆ" ಎಂದೆ, ಒಳ್ಳೇ ತುಂಬು ದನಿಯಲ್ಲಿ. ಅವಳು ನನ್ನ ಮುಖ ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡಳು. ನೀನು ನಿದ್ದೆಯಲ್ಲಿದ್ದೆ, ನಾನು ಎಚ್ಚರವಾಗಿಯೇ ಇದ್ದು ಅವಳನ್ನು ಒಂಟಿ ಮಾಡಿದೆ. ನನಗೂ ಭಯ ಕಣೇ ಎಂದು ಒಂದು ಮಾತು ಅಂದಿದ್ದರೆ ಇಬ್ಬರೂ ಒಟ್ಟಿಗೆ ಹೆದರಬಹುದಿತ್ತು.

ಇದನ್ನು ಯಾರಿಗೂ ಹೇಳಿರಲಿಲ್ಲ. ಬರೆದು ಮುಗಿಸಿ ಒಂದು ಲೋಟ ನೀರು ಕುಡಿದು ಬಂದೆ. ಗಂಟಲು ಅಷ್ಟೇನೂ ನೋಯುತ್ತಿಲ್ಲ. ಒಂಬತ್ತನೇ ತಾರೀಕಿಗೆ ನೀನು ಬರುವ ಅಗತ್ಯವೇನಿಲ್ಲ, ನಾನು ನೋಡಿಕೊಳ್ಳುತ್ತೇನೆ.

ಅಪ್ಪ

•

ಮಾರ್ಚ್ 19

ಅಪ್ಪಾ,

ನಿಮ್ಮ ಲೂಕ ಗೆದ್ದ. ಇಡೀ ವಾರ್ಡಿಗೆ ಸಿಹಿ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ, ನಮ್ಮಮ್ಮ ನನ್ನನ್ನು ಮಲಗಲು ಬಿಟ್ಟಿದ್ದಳು ಎಂದೆ. ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ನಿಜ ಹೇಳಲಾ, ಆರು ವರ್ಷದಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಮಾಡಿದ್ದು ಈ ವಾರವೇ.

ಅಮ್ಮ ಗೋಡೆ ಕಡೆ ತಿರುಗಿದ್ದರ ಬಗ್ಗೆ ನಾನು ಸಮಾಧಾನ ಹೇಳುವುದಿಲ್ಲ. ನಿಮಗೆ ನೋವಾಗಿದೆ, ಅದು ನೋವಿನ ವಿಷಯವೇ. ಅದನ್ನು ನನಗೆ ಬರೆದಿರಲ್ಲ, ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಬರೆದು, ಕೊನೆಯಲ್ಲಿ ಮತ್ತೆ 'ಅಗತ್ಯವೇನಿಲ್ಲ'! ಸರಿ. ನಮ್ಮ ವಾರ್ಡಿನ ಇನ್ನೊಂದು ನಿಯಮ ಹೇಳುತ್ತೇನೆ. ಹೆರಿಗೆಯ ಕೋಣೆಗೆ ತಾಯಿಯೇ ಆಗಲಿ, ಗಂಡನೇ ಆಗಲಿ ನಾವಾಗಿ ಯಾರನ್ನೂ ತಳ್ಳುವುದಿಲ್ಲ. ಒಳಗಿರುವವಳು ಇಂಥವರು ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಎಷ್ಟೋ ಜನಕ್ಕೆ ಹೆರುವುದಕ್ಕಿಂತ ಅದೇ ಕಷ್ಟ. ಹೇಳಿದ ಮೇಲೆ ಅರ್ಧ ಕೆಲಸ ಆದ ಹಾಗೆ.

ನಾನು ಎರಡು ಸಲ ಬರಲಾ ಎಂದು ಕೇಳಿದೆ. ಇನ್ನು ಕೇಳುವುದಿಲ್ಲ. ರಜೆ ಮಂಜೂರು ಮಾಡಿಸಿಟ್ಟಿದ್ದೇನೆ, ಟಿಕೆಟ್ ತೆಗೆದಿಲ್ಲ. ನೀವು ಕರೆದರೆ ಬರುತ್ತೇನೆ. ಕರೆಯದಿದ್ದರೆ ಇಲ್ಲೇ ಕೂತು ಗೋಳಾಡುತ್ತೇನೆ, ಆದರೆ ಬರುವುದಿಲ್ಲ. ನಿಮ್ಮ ಮಗಳಲ್ಲವೇ, ಹಠ ಎಲ್ಲಿಂದ ಬಂತೆಂದು ಕೇಳಬೇಡಿ.

ಪುಟ್ಟಿ

•

ಮಾರ್ಚ್ 30

ಪುಟ್ಟಿ,

ನಿನ್ನೆ ಓದಿದೆ.

ಸಭೆ ತುಂಬಿತ್ತು. ಇದು ನನ್ನ ಕೊನೆಯ ಓದು ಇರಬಹುದೆಂದು ಬೇಕರಿಯವನು ಊರೆಲ್ಲ ಸಾರಿಬಿಟ್ಟಿದ್ದ, ಬನ್ನಿನ ಜೊತೆ ಸುದ್ದಿಯನ್ನೂ ಕಟ್ಟಿ ಕೊಟ್ಟಿರಬೇಕು. ಮೊದಲ ಬೆಂಚಿನಲ್ಲಿ ಟೈಲರಜ್ಜ. ಅವರಿಗೆ ಕಿವಿ ಅಷ್ಟಕ್ಕಷ್ಟೆ, ಆದರೂ ನನ್ನ ದನಿ ಕೇಳಿಸುತ್ತದೆ ಎಂದು ಪ್ರತಿ ವರ್ಷ ಬರುತ್ತಾರೆ.

ತೋಟದ ಭಾಗ ಬರುವವರೆಗೆ ಎಲ್ಲಾ ಸುಸೂತ್ರ. ಸಾಯುವಷ್ಟು ಸಂಕಟವಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಎಂಬ ಮಾತು ಬಂತು. ಇಪ್ಪತ್ತೆಂಟು ವರ್ಷ ನಾನು ಆ ಮಾತನ್ನು ಅಪ್ಪಣೆ ಕೊಡುವ ಹಾಗೆ ಓದಿದ್ದೇನೆ. ನಿನ್ನೆ ಓದುವಾಗ ಮೊದಲ ಸಲ ಕೇಳಿಸಿತು, ಅದು ಅಪ್ಪಣೆಯಲ್ಲ, ಬೇಡಿಕೆ. ಬಟ್ಟಲು ತೆಗೆ ಎಂದು ಬೇಡಿದ್ದು ದೇವರನ್ನು. ಅದಕ್ಕೂ ಮುಂಚೆ ಮನುಷ್ಯರ ಹತ್ತಿರ ಕೇಳಿದ್ದು ಇಷ್ಟೆ, ಪಕ್ಕದಲ್ಲಿ ಇರಿ ಅಂತ. ಅಷ್ಟು ದೊಡ್ಡವರೇ ಕೇಳಿದ್ದಾರೆ, ಒಂಟಿಯಾಗಿ ಆಗಲ್ಲ ಎಂದು. ನಾಚಿಕೆಪಡಲಿಲ್ಲ.

ಅಲ್ಲಿಂದ ಮುಂದೆ ಹೇಗೆ ಓದಿದೆನೋ ಗೊತ್ತಿಲ್ಲ. ಶಿಲುಬೆಯ ಹತ್ತಿರ ಬಂದೆ. ಬಾಯಿ ತೆರೆದೆ. ಮೈಕಿನ ದನಿ ಬರಲಿಲ್ಲ. ಲೂಕನ ಸಾಲೂ ಬರಲಿಲ್ಲ. ಯಾಕೆ ಕೈಬಿಟ್ಟೆ ಎಂಬುದು ಒಡೆದು, ಸೀಳಿ, ಯಾರದೋ ದನಿಯಾಗಿ ಬಂತು. ಇಷ್ಟು ಕೆಟ್ಟದಾಗಿ ನಾನು ಜನ್ಮದಲ್ಲಿ ಏನನ್ನೂ ಓದಿಲ್ಲ. ನನಗೆ ಕಣ್ಣಲ್ಲಿ ನೀರು ಸುರಿಯುತ್ತಿದೆ, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ. ಆಗ ಟೈಲರಜ್ಜ ಎದ್ದು ನಿಂತು ಇಡೀ ಸಭೆಗೆ ಕೇಳುವ ಹಾಗೆ, "ಯಾರಾದ್ರೂ ಆ ಮನುಷ್ಯನ ಹತ್ರ ಹೋಗ್ರಪ್ಪಾ!" ಎಂದರು. ಬೇಕರಿಯವನು ತನ್ನ ಜಾಗ ಬಿಟ್ಟು ಬಂದು ನನ್ನ ಪಕ್ಕ ನಿಂತ. ಕಥೆಯಲ್ಲಿ ಆ ಹೊತ್ತಿಗೆ ಪೇತ್ರ ಓಡಿಹೋಗಿ ತುಂಬಾ ಹೊತ್ತಾಗಿರುತ್ತದೆ, ಅಲ್ಲಿ ಇರಲೇಬಾರದು. ಪಾಸ್ಟರಮ್ಮ ಬೆರಳೆತ್ತಲಿಲ್ಲ. ಅವನೂ ನಾನೂ ಭುಜಕ್ಕೆ ಭುಜ ತಾಗಿಸಿಕೊಂಡು ಉಳಿದದ್ದನ್ನು ಓದಿ ಮುಗಿಸಿದೆವು.

ಹೊರಗೆ ಬಂದ ಮೇಲೆ ಎಷ್ಟು ಹಗುರವಾಗಿತ್ತೆಂದರೆ ಬೇಕರಿಯವನ ಸೈಕಲ್ಲಿನ ಹಿಂದೆ ಕೂತು ಮನೆಗೆ ಬಂದೆ, ದಾರಿಯುದ್ದಕ್ಕೂ ಇಬ್ಬರೂ ನಗುತ್ತಿದ್ದೆವು. ಹೊಟ್ಟೆ ತುಂಬ ಉಂಡೆ. ಒಂಬತ್ತು ಗಂಟೆ ಹೊತ್ತು ಎಚ್ಚರವಿಲ್ಲದೆ ನಿದ್ದೆ ಮಾಡಿದೆ.

ಬೆಳಿಗ್ಗೆಯಿಂದ ಈ ಕಾಗದದ ಕೊನೆಯ ಸಾಲು ಬರೆಯಲು ಕೂತಿದ್ದೇನೆ. ಮೂರು ಸಲ ಬರೆದೆ. ಮೂರು ಸಲವೂ ಹೇಗೋ 'ನಿನಗೆ ಅನುಕೂಲವಾದರೆ' ಎಂದು ಸೇರಿಕೊಂಡುಬಿಟ್ಟಿತು, ಹರಿದು ಹಾಕಿದೆ. ಇದು ನಾಲ್ಕನೆಯದು.

ಪುಟ್ಟಿ, ನನಗೆ ಭಯವಾಗುತ್ತಿದೆ. ನೀನು ನನ್ನ ಪಕ್ಕದಲ್ಲಿ ಇರಬೇಕು. ಬಾ.

ಅಪ್ಪ